ವೈಭವಕ್ಕೆ ಇಂಗ್ಲಿಷಿನಲ್ಲಿ ಯಾವ ಪದ?

ಅಕ್ಕನ ಮಗಳು ಮೈಸೂರಿನಲ್ಲಿ ಡಿಗ್ರಿ ಓದುತ್ತಾಳೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅರಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ನನಗೆ ಕಳಿಸಿದ್ದಳು. ಮೊದಲ ಸಾಲು ಹೀಗಿತ್ತು: ‘ದಿ ಪ್ಯಾಲೇಸ್ ಈಸ್ ವೆರಿ ಗ್ಲೋರಿಯಸ್, ಮೆಜೆಸ್ಟಿಕ್ ಆ್ಯಂಡ್ ಸ್ಪ್ಲೆಂಡಿಡ್.’ ವಾಕ್ಯ ಮುರಿದಿಲ್ಲ, ಸ್ಪೆಲಿಂಗ್ ತಪ್ಪಿಲ್ಲ. ಆದರೆ ಓದಿದಾಗ ಕಣ್ಣ ಮುಂದೆ ಅರಮನೆ ಬರಲಿಲ್ಲ. ಫೋನ್ ಮಾಡಿ, ಮೂರು ಪದ ಯಾಕೆ ಹಾಕಿದೆ ಅಂತ ಕೇಳಿದೆ.

“ಚಿಕ್ಕಮ್ಮ, ಮೂರಕ್ಕೂ ವೈಭವ ಅಂತಾನೇ ಅರ್ಥ ಅಲ್ವಾ? ಯಾವುದಾದ್ರೂ ಒಂದು ಸರಿಹೋಗುತ್ತೆ ಅಂತ ಮೂರೂ ಹಾಕ್ದೆ” ಅಂದಳು.

ಅವಳ ತಪ್ಪೇನೂ ಇಲ್ಲ. ನಿಘಂಟು ತೆಗೆದು ನೋಡಿದರೆ ಇಂಥ ಹತ್ತು ಪದಗಳ ಮುಂದೆ ವೈಭವ, ಭವ್ಯತೆ, ಮಹಿಮೆ ಎಂಬ ಅದೇ ಮೂರು ಮಾತು ತಿರುಗಿ ತಿರುಗಿ ಬರುತ್ತವೆ. ಅಲ್ಲಿಗೆ ಹತ್ತೂ ಒಂದೇ ಅಂತ ಅನ್ನಿಸುವುದು ಸಹಜ. ನಾನು ಎಷ್ಟೋ ವರ್ಷದಿಂದ ಕನ್ನಡ, ಇಂಗ್ಲಿಷ್ ಎರಡರ ನಡುವೆ ಅನುವಾದ ಮಾಡುತ್ತಿದ್ದೇನೆ. ಶುರುವಿನಲ್ಲಿ ನನಗೂ ಹಾಗೇ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾದದ್ದು ಇಷ್ಟು: ಈ ಪ್ರತಿಯೊಂದು ಪದದ ಹೊಟ್ಟೆಯೊಳಗೆ ಒಂದೊಂದು ಹಳೆಯ ಚಿತ್ರ ಇದೆ. ಒಂದರಲ್ಲಿ ಬೆಳಕು, ಒಂದರಲ್ಲಿ ಜನರ ಹೊಗಳಿಕೆ, ಒಂದರಲ್ಲಿ ಗಾತ್ರ, ಒಂದರಲ್ಲಿ ಮೆರವಣಿಗೆ, ಒಂದರಲ್ಲಿ ಖರ್ಚು, ಒಂದರಲ್ಲಿ ಭಯ. ಆ ಚಿತ್ರ ಗೊತ್ತಿದ್ದರೆ ಪದ ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ಅರಮನೆಯಿಂದಲೇ ಶುರು ಮಾಡೋಣ. ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹಾಕುತ್ತಾರೆ. ಒಂದು ಲಕ್ಷಕ್ಕೆ ಹತ್ತಿರದಷ್ಟು ಬಲ್ಬುಗಳು. ಕತ್ತಲಾಗುವ ಹೊತ್ತಿಗೆ ಜನ ಅಂಗಳದಲ್ಲಿ ನಿಂತು ಕಾಯುತ್ತಿರುತ್ತಾರೆ. ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಎಲ್ಲ ದೀಪವೂ ಒಟ್ಟಿಗೇ ಹತ್ತಿಕೊಂಡಾಗ ಗುಂಪಿನಿಂದ ಒಂದು ‘ಓ’ ಹೊರಡುತ್ತದೆ. ಆ ಕ್ಷಣಕ್ಕೆ ಇಂಗ್ಲಿಷಿನ ಪದ ‘ಸ್ಪ್ಲೆಂಡರ್’. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಕ್ಕೆ ‘ಹೊಳೆಯುವುದು’, ‘ಬೆಳಗುವುದು’ ಎಂದೇ ಅರ್ಥ. ಕಣ್ಣಿಗೆ ಕಾಣುವ ಹೊಳಪು ಅದರ ಜೀವ. ಚಿನ್ನದ ಕೆಲಸ, ರೇಷ್ಮೆ, ದೀಪ, ಹೂವಿನ ಅಲಂಕಾರ, ಬಿಸಿಲಿಗೆ ಮಿನುಗುವ ಕಳಶ, ಇವೆಲ್ಲ ಸ್ಪ್ಲೆಂಡರ್.

‘ಗ್ಲೋರಿ’ ಹಾಗಲ್ಲ. ಲ್ಯಾಟಿನ್‌ನಲ್ಲಿ ‘ಗ್ಲೋರಿಯಾ’ ಎಂದರೆ ಕೀರ್ತಿ. ಜನರ ಬಾಯಲ್ಲಿ ಓಡಾಡುವ ಹೆಸರು. ಗ್ಲೋರಿ ಇರಬೇಕಾದರೆ ಯಾರೋ ಏನೋ ಮಾಡಿರಬೇಕು, ಅದನ್ನು ನಾಲ್ಕು ಜನ ನೆನೆಯುತ್ತಿರಬೇಕು. ಗೆಲುವಿಗೆ ಗ್ಲೋರಿ ಇದೆ, ಒಂದು ರಾಜ್ಯದ ಇತಿಹಾಸಕ್ಕೆ ಇದೆ, ಒಬ್ಬ ಆಟಗಾರನ ಒಳ್ಳೆಯ ದಿನಗಳಿಗೆ ಇದೆ. ಹೊಸದಾಗಿ ಕಟ್ಟಿದ ಮಾಲ್‌ಗೆ ಎಷ್ಟೇ ಗಾಜು, ಎಷ್ಟೇ ಲೈಟು ಇದ್ದರೂ ಗ್ಲೋರಿ ಇಲ್ಲ.

ಅಕ್ಕನ ಮಗಳಿಗೆ ನಾನು ಹೇಳಿದ ಪರೀಕ್ಷೆ ಸುಲಭದ್ದು. ದೀಪ ಆರಿಸು. ಏನು ಹೋಯಿತೋ ಅದು ಸ್ಪ್ಲೆಂಡರ್. ಏನು ಉಳಿಯಿತೋ ಅದು ಗ್ಲೋರಿ. ಹಂಪಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. 1565ರ ಯುದ್ಧದ ಮೇಲೆ ಆ ಊರಿನ ಹೊಳಪೆಲ್ಲ ಹೋಯಿತು. ಮಹಾನವಮಿ ದಿಬ್ಬದ ಮೇಲೆ ಈಗ ಬರೀ ಕಲ್ಲು, ಗಾಳಿ. ಆದರೂ ಅಲ್ಲಿ ನಿಂತವರ ಮೈ ಜುಮ್ಮೆನ್ನುತ್ತದೆ. ಸ್ಪ್ಲೆಂಡರ್ ಹೋಗಿ ಗ್ಲೋರಿ ಮಾತ್ರ ಉಳಿದ ಜಾಗ ಅದು. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿದಾಗ ಇಂಗ್ಲಿಷ್ ಪತ್ರಿಕೆಗಳು ‘ಫಾರ್ಮರ್ ಗ್ಲೋರಿ’ ಮರಳಿತು ಅಂತ ಬರೆಯುತ್ತವೆ. ಹಿಂದೆ ಜನ ಅದನ್ನು ಹೇಗೆ ಕಂಡಿದ್ದರೋ ಆ ಗೌರವ ವಾಪಸು ಬಂತು ಎಂಬ ಭಾವ ಅದರಲ್ಲಿದೆ.

ಗ್ಲೋರಿಗೆ ಇನ್ನೊಂದು ಬೇರು ಇದೆ, ಅದು ನನಗೆ ತುಂಬಾ ಇಷ್ಟ. ಬೈಬಲ್‌ನ ಹೀಬ್ರೂ ಭಾಷೆಯಲ್ಲಿ ದೇವರ ಮಹಿಮೆಗೆ ‘ಕಾವೋದ್’ ಎಂಬ ಪದ ಬರುತ್ತದೆ. ಅದರ ಮೂಲ ಅರ್ಥ ಭಾರ, ತೂಕ. ಗ್ರೀಕಿಗೆ ಹೋದಾಗ ಅದು ‘ಡಾಕ್ಸಾ’ ಆಯಿತು, ಲ್ಯಾಟಿನ್‌ಗೆ ಹೋದಾಗ ‘ಗ್ಲೋರಿಯಾ’ ಆಯಿತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್‌ನಲ್ಲಿ ‘ಗ್ಲೋರಿ’ಯಾಗಿ ನೆಲೆಯೂರಿತು. ಭಾರದಿಂದ ಮಹಿಮೆ ಹೇಗೆ ಬಂತು ಅಂತ ಇಂಗ್ಲಿಷ್ ಓದುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಮಗೆ ಬೇಕಿಲ್ಲ. ಘನ ಅಂದರೆ ಗಟ್ಟಿ, ಭಾರ. ಅದರಿಂದಲೇ ಘನತೆ. ‘ಅವರು ತೂಕದ ಮನುಷ್ಯ’ ಅಂತ ಹಳ್ಳಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಎಲ್ಲಿಯ ಹೀಬ್ರೂ, ಎಲ್ಲಿಯ ಕನ್ನಡ! ಎರಡೂ ದೊಡ್ಡವರನ್ನು ತಕ್ಕಡಿಯಲ್ಲಿ ಇಟ್ಟು ನೋಡಿದವು. ಹಾಗಾಗಿ ಇಂಗ್ಲಿಷಿನಲ್ಲಿ ಗ್ಲೋರಿ ಬರೆಯುವಾಗ ಆ ಪೂಜೆಯ ವಾಸನೆ ಅದಕ್ಕೆ ಅಂಟಿಕೊಂಡಿರುತ್ತದೆ ಎಂಬ ನೆನಪಿರಲಿ. ಅಂಗಡಿ ಉದ್ಘಾಟನೆಗೆ ಆ ಪದ ಜಾಸ್ತಿಯಾಯಿತು.

ಇನ್ನು ‘ಮೆಜೆಸ್ಟಿಕ್’. ಬೆಂಗಳೂರಿನವರು ದಿನಕ್ಕೆ ಹತ್ತು ಸಲ ಹೇಳುವ ಪದ. ಮೆಜೆಸ್ಟಿಕ್ ಎಂಬ ಸಿನಿಮಾ ಥಿಯೇಟರಿನಿಂದ ಆ ಜಾಗಕ್ಕೆ ಹೆಸರು ಬಂತು. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದ್ದರೂ ಕಂಡಕ್ಟರ್ ಕೂಗುವುದು ಮೆಜೆಸ್ಟಿಕ್ ಅಂತಲೇ. ಈ ಪದದ ತಾಯಿ ಲ್ಯಾಟಿನ್‌ನ ‘ಮಯೆಸ್ಟಾಸ್’. ‘ಹೆಚ್ಚು ದೊಡ್ಡದು’ ಎಂಬ ಮಾತಿನಿಂದ ಹುಟ್ಟಿದ್ದು. ನಮ್ಮ ಹಿರಿಮೆಗೆ ಹತ್ತಿರದ ಪದ ಇಂಗ್ಲಿಷಿನಲ್ಲಿ ಇದ್ದರೆ ಅದು ಇದೇ. ಹಿರಿದು, ಹಿರಿಯ, ಹಿರಿಮೆ, ದಾರಿ ಒಂದೇ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಿಂದ ದೊರೆಯನ್ನು ‘ಯುವರ್ ಮೆಜೆಸ್ಟಿ’ ಎಂದು ಕರೆಯುವುದು ಗಟ್ಟಿಯಾಯಿತು. ಅಲ್ಲಿಂದ ಈ ಪದಕ್ಕೆ ರಾಜನ ನಿಲುವು ಬಂತು: ಎತ್ತರ, ಗಾಂಭೀರ್ಯ, ಅವಸರವಿಲ್ಲದ ನಡೆ.

ಶ್ರವಣಬೆಳಗೊಳದ ಗೊಮ್ಮಟನನ್ನು ನೆನೆಸಿಕೊಳ್ಳಿ. 981ರ ಹೊತ್ತಿನ ಮೂರ್ತಿ, ಒಂದೇ ಕಲ್ಲು. ಮೈಮೇಲೆ ಬಟ್ಟೆಯಿಲ್ಲ, ಒಡವೆಯಿಲ್ಲ, ಕಿರೀಟವಿಲ್ಲ. ಬಳ್ಳಿ ಮಾತ್ರ ಕಾಲಿಗೆ ತೋಳಿಗೆ ಸುತ್ತಿಕೊಂಡಿದೆ. ಇದನ್ನು ‘ಸ್ಪ್ಲೆಂಡಿಡ್’ ಅಂತ ಬರೆದರೆ ತಪ್ಪು ಅಂತ ವ್ಯಾಕರಣ ಹೇಳುವುದಿಲ್ಲ, ಆದರೆ ಕಿವಿ ಒಪ್ಪುವುದಿಲ್ಲ. ಎಲ್ಲ ಬಿಟ್ಟು ನಿಂತವನಿಗೆ ಥಳಕಿನ ಪದ ಹೇಗೆ ಹೊಂದುತ್ತದೆ? ಅವನಿಗೆ ‘ಮೆಜೆಸ್ಟಿಕ್’ ಸರಿ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ಆಗುತ್ತದಲ್ಲ, ಹಾಲು, ಅರಿಶಿನ, ಗಂಧ, ಕುಂಕುಮ ಮೇಲಿನಿಂದ ಇಳಿದು ಕಲ್ಲಿನ ಬಣ್ಣವೇ ಬದಲಾಗುತ್ತದಲ್ಲ, ಆ ದಿನದ ನೋಟಕ್ಕೆ ಸ್ಪ್ಲೆಂಡರ್ ಧಾರಾಳವಾಗಿ ಬರಲಿ. ಮೂರ್ತಿ ಅದೇ, ದಿನ ಬೇರೆ, ಪದವೂ ಬೇರೆ.

‘ಮ್ಯಾಗ್ನಿಫಿಸೆಂಟ್’ ಎಂಬುದರಲ್ಲಿ ಎರಡು ತುಣುಕಿವೆ: ದೊಡ್ಡದು ಮತ್ತು ಮಾಡು. ದೊಡ್ಡದಾಗಿ ಮಾಡಿದ್ದು, ಕೈ ಬಿಚ್ಚಿ ಮಾಡಿದ್ದು. ಕಟ್ಟಡ, ಔತಣ, ಕ್ರಿಕೆಟ್ಟಿನ ಒಂದು ಇನಿಂಗ್ಸ್, ಇದಕ್ಕೆಲ್ಲ ಬರುತ್ತದೆ. ‘ಗ್ರ್ಯಾಂಜರ್’ ಎಂಬುದು ಫ್ರೆಂಚಿನಿಂದ ಬಂದ ದೊಡ್ಡತನ. ಬೆಟ್ಟಸಾಲಿಗೆ, ಉದ್ದದ ಕಂಬಸಾಲಿಗೆ ಹೊಂದುತ್ತದೆ. ಸುಣ್ಣ ಉದುರಿದ ಹಳೆಯ ಬಂಗಲೆಗೆ ‘ಫೇಡೆಡ್ ಗ್ರ್ಯಾಂಜರ್’ ಎಂಬ ಚಂದದ ಮಾತಿದೆ, ಮಾಸಿದ ದೊಡ್ಡಸ್ತಿಕೆ. ‘ಗ್ರ್ಯಾಂಡ್’ ಅಂತೂ ಈಗ ಕನ್ನಡದ ಪದವೇ ಆಗಿಬಿಟ್ಟಿದೆ. ಮದುವೆ ಗ್ರ್ಯಾಂಡ್ ಆಗಿ ಮಾಡಿದ್ರು, ಸೀರೆ ಸ್ವಲ್ಪ ಗ್ರ್ಯಾಂಡ್ ಇರ್ಲಿ. ಆದರೆ ಐರ್ಲೆಂಡಿನಲ್ಲಿ ಇರುವ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ‘ಐ ಆ್ಯಮ್ ಗ್ರ್ಯಾಂಡ್’ ಅಂದರೆ ‘ಚೆನ್ನಾಗಿದೀನಿ, ಪರವಾಗಿಲ್ಲ’ ಅಂತ ಅಷ್ಟೇ.

ದಸರಾ ವರದಿಗಳಲ್ಲಿ ತಪ್ಪದೆ ಬರುವ ಪದ ‘ಪಾಂಪ್’. ನಾವು ವಿಜೃಂಭಣೆಯಿಂದ ಎನ್ನುವ ಕಡೆಯೆಲ್ಲ ಇಂಗ್ಲಿಷ್ ವರದಿಯಲ್ಲಿ ಇದು ಕಾಣುತ್ತದೆ. ಗ್ರೀಕಿನಲ್ಲಿ ‘ಪಾಂಪೆ’ ಅಂದರೆ ಮೆರವಣಿಗೆ. ಹೀಗಾಗಿ ಜಂಬೂ ಸವಾರಿಗೆ ಇದಕ್ಕಿಂತ ಸರಿಯಾದ ಪದ ಇಲ್ಲ. ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ, ಅದರ ಹಿಂದೆ ಮುಂದೆ ಆನೆಗಳು, ಕುದುರೆಗಳು, ಬ್ಯಾಂಡ್, ಡೊಳ್ಳು, ನಂದಿಕಂಬ. ಪಾಂಪ್ ನಡೆಯಬೇಕು, ಸದ್ದು ಮಾಡಬೇಕು, ಅದಕ್ಕೊಂದು ಕ್ರಮ ಇರಬೇಕು. ಸುಮ್ನೆ ನಿಂತ ಕಟ್ಟಡಕ್ಕೆ ಪಾಂಪ್ ಇರುವುದಿಲ್ಲ. ಅಂದ ಹಾಗೆ ನಮ್ಮ ವಿಜೃಂಭಣೆ ಕೂಡ ಮಜವಾದ ಪದ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಆಕಳಿಕೆ, ಬಾಯಿ ತೆರೆಯುವುದು. ಅಲ್ಲಿಂದ ಹೂವು ಅರಳುವುದು, ಹರಡಿಕೊಳ್ಳುವುದು, ಕೊನೆಗೆ ಈ ಅದ್ದೂರಿತನ. ನಮ್ಮದು ಅರಳುತ್ತದೆ, ಅವರದು ನಡೆದುಕೊಂಡು ಹೋಗುತ್ತದೆ.

ಪಾಂಪ್ ಪಕ್ಕದಲ್ಲೇ ಒಂದು ಗುಂಡಿ ಇದೆ. ‘ಪಾಂಪಸ್’ ಅಂದರೆ ಹೊಗಳಿಕೆ ಅಲ್ಲ, ಜಂಬದ ಮನುಷ್ಯ ಅಂತ. ನಮ್ಮ ಅತಿಥಿಗಳು ಪಾಂಪಸ್ ಆಗಿ ಬಂದರು ಅಂತ ಬರೆದರೆ ಅವರನ್ನು ಬೈದ ಹಾಗಾಗುತ್ತದೆ. ಇಂಥ ಗುಂಡಿಗಳು ಇನ್ನೂ ಇವೆ. ನಾನೇ ಒಮ್ಮೆ ಎಡವಿದ್ದೇನೆ. ನಿವೃತ್ತರಾಗುತ್ತಿದ್ದ ಒಬ್ಬ ಹೆಡ್‌ಮಾಸ್ಟರಿಗೆ ಅಭಿನಂದನಾ ಪತ್ರ ಬರೆದುಕೊಡಬೇಕಿತ್ತು. ಶಾಲೆಗೆ ಕೀರ್ತಿ ತಂದವರು ಎಂಬುದಕ್ಕೆ ‘ಹೀ ಗ್ಲೋರಿಫೈಡ್ ದಿ ಸ್ಕೂಲ್’ ಅಂತ ಬರೆದಿದ್ದೆ. ಓದಿ ನೋಡಿದ ಹಿರಿಯರೊಬ್ಬರು ಮೆಲ್ಲಗೆ ಕರೆದು ಹೇಳಿದರು, “ಏನಮ್ಮ, ಇದರರ್ಥ ಅವರು ಶಾಲೇನ ಇಲ್ಲದ್ದೆಲ್ಲ ಸೇರಿಸಿ ಹೊಗಳಿದ್ರು ಅಂತ ಆಗತ್ತಲ್ಲ.” ಅವರು ಹೇಳಿದ್ದು ನಿಜ. ದೇವರ ವಿಷಯ ಬಿಟ್ಟರೆ ‘ಗ್ಲೋರಿಫೈ’ ಈಗ ಉಬ್ಬಿಸಿ ಹೇಳುವುದಕ್ಕೇ ಹೆಚ್ಚು ಬಳಕೆ. ‘ಗ್ಲೋರಿಫೈಡ್ ಕ್ಲರ್ಕ್’ ಅಂದರಂತೂ ಹೆಸರು ದೊಡ್ಡದು, ಕೆಲಸ ಗುಮಾಸ್ತನದು. ಕೀರ್ತಿ ತಂದರು ಎನ್ನಲು ‘ಬ್ರಾಟ್ ಆನರ್ ಟು’ ಸಾಕು. ಪತ್ರ ಅಚ್ಚಿಗೆ ಹೋಗುವ ಮೊದಲೇ ತಿದ್ದಿಸಿದ ಆ ಹಿರಿಯರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಖರ್ಚಿನ ಗುಂಪಿನ ಪದಗಳನ್ನು ಬೇಗ ಮುಗಿಸಬಹುದು. ‘ಸಂಪ್ಚುಯಸ್’ನ ಮೂಲದಲ್ಲಿರುವುದು ಖರ್ಚು. ಊಟಕ್ಕೆ, ದುಬಾರಿ ಬಟ್ಟೆಗೆ ಸರಿ. ‘ಆಪ್ಯುಲೆಂಟ್’ನಲ್ಲಿ ಸಿರಿವಂತಿಕೆ ಇದೆ. ‘ಲ್ಯಾವಿಶ್’ನಲ್ಲಿ ಧಾರಾಕಾರ ಸುರಿಯುವ ಚಿತ್ರ ಇದೆ. ಇದರ ಹಿಂದಿನ ಹಳೆಯ ಫ್ರೆಂಚ್ ಪದಕ್ಕೆ ಜಡಿಮಳೆ ಅಂತ ಅರ್ಥ ಇತ್ತು. ಈ ಮೂರೂ ದುಡ್ಡಿನ ವಾಸನೆ ಬಿಡುವುದಿಲ್ಲ. ಹಾಗಾಗಿ ದೇವಸ್ಥಾನದ ಗರ್ಭಗುಡಿಗೋ ಯೋಧನ ಬಲಿದಾನಕ್ಕೋ ಇವನ್ನು ತರಬಾರದು.

ಭಯದ ಗುಂಪು ಮಾತ್ರ ಬೇರೆಯದೇ ಲೋಕ. ಮಳೆಗಾಲದಲ್ಲಿ ಜೋಗ ನೋಡಿದ್ದೀರಲ್ಲ? 253 ಮೀಟರ್ ಎತ್ತರದಿಂದ ನೀರು ಬೀಳುತ್ತದೆ. ಮಂಜು ಮೇಲೆದ್ದು ಎದುರಿನದೇನೂ ಕಾಣುವುದಿಲ್ಲ, ಸದ್ದು ಮಾತ್ರ ಎದೆಗೆ ಬಡಿಯುತ್ತದೆ. ಕಂಬಿ ಹಿಡಿದ ಕೈ ತಾನಾಗಿ ಬಿಗಿಯಾಗುತ್ತದೆ. ಚಂದ ಅಂತ ಅನ್ನಿಸುವುದಕ್ಕೆ ಮೊದಲು ಹೆದರಿಕೆ ಆಗುತ್ತದೆ. ಆ ಹೆದರಿಕೆಯೂ ಹಿತವಾಗಿರುತ್ತದೆ. ಇದಕ್ಕೆ ‘ಗಾರ್ಜಿಯಸ್’ ಅಂತ ಬರೆದರೆ ಜೋಗವನ್ನು ಸೀರೆಯ ಅಂಗಡಿಗೆ ತಂದು ನಿಲ್ಲಿಸಿದ ಹಾಗೆ. ಇದಕ್ಕಿರುವ ಪದ ‘ಸಬ್ಲೈಮ್’. 1757ರಲ್ಲಿ ಎಡ್ಮಂಡ್ ಬರ್ಕ್ ಎಂಬಾತ ಸುಂದರ ಬೇರೆ, ಸಬ್ಲೈಮ್ ಬೇರೆ ಅಂತ ಉದ್ದಕ್ಕೆ ಬಿಡಿಸಿ ಬರೆದ. ಸುಂದರವಾದದ್ದು ಸಣ್ಣದು, ನಯವಾದದ್ದು. ಸಬ್ಲೈಮ್ ಆದದ್ದು ದೊಡ್ಡದು, ಒರಟು, ಕತ್ತಲೆಯದು, ಅದರ ಬೇರು ಭಯದಲ್ಲಿದೆ ಎಂದ. ಜೋಗದ ನಾಲ್ಕು ಧಾರೆಗಳ ಹೆಸರು ನೋಡಿ: ರಾಜಾ, ರಾಣಿ, ರೋರರ್, ರಾಕೆಟ್. ರೋರರ್ ಅಂದರೆ ಗರ್ಜಿಸುವವನು. ಹೆಸರಿಟ್ಟವರು ಬಣ್ಣನೆ ಮಾಡಲಿಲ್ಲ, ನೀರು ಏನು ಮಾಡುತ್ತದೋ ಅದನ್ನೇ ಹೇಳಿದರು.

‘ಆಸಮ್’ ಮತ್ತು ‘ಆಫುಲ್’ ಎರಡೂ ಇದೇ ಭಯದ ಮಕ್ಕಳು. ಎರಡರ ಮೊದಲ ತುಣುಕೂ ಒಂದೇ, ದೊಡ್ಡದರ ಮುಂದೆ ಹುಟ್ಟುವ ಭಯಭಕ್ತಿ. ಒಂದು ಕಾಲದಲ್ಲಿ ಆಫುಲ್ ಕೂಡ ಹೊಗಳಿಕೆಯ ಪದವೇ. ಈಗ ಅದು ‘ಕೆಟ್ಟದ್ದು’. ಆಸಮ್ ಅಮೆರಿಕದ ಹುಡುಗರ ಬಾಯಲ್ಲಿ ಸವೆದು ಸವೆದು ‘ಸೂಪರ್’ ಆಗಿದೆ. ದೋಸೆಯೂ ಆಸಮ್, ರೀಲ್ಸೂ ಆಸಮ್. ಗಂಭೀರ ಬರಹದಲ್ಲಿ ಅದಕ್ಕೆ ಈಗ ಆ ಹಳೆಯ ಬಲ ಇಲ್ಲ. ‘ಗ್ಲಾಮರ್’ ಕತೆ ಉಲ್ಟಾ. ಅದು ‘ಗ್ರಾಮರ್’ ಎಂಬ ಪದವೇ ಸ್ಕಾಟ್ಲೆಂಡಿನಲ್ಲಿ ರೂಪ ಬದಲಿಸಿಕೊಂಡು ಬಂದದ್ದು! ಓದು ಬಲ್ಲವರಿಗೆ ಮಾಟಮಂತ್ರವೂ ಗೊತ್ತು ಎಂದು ಜನ ನಂಬುತ್ತಿದ್ದ ಕಾಲದ ಪದ. ಗ್ಲಾಮರ್ ಅಂದರೆ ಕಣ್ಕಟ್ಟು. ಆ ಅರ್ಥ ಇನ್ನೂ ಪೂರ್ತಿ ಹೋಗಿಲ್ಲ. ಸಿನಿಮಾಗೆ ಸರಿ, ಗುಡಿಗೆ ಸಲ್ಲ.

ಇಷ್ಟೊಂದು ಪದ ಲ್ಯಾಟಿನ್, ಫ್ರೆಂಚ್ ಕಡೆಯಿಂದಲೇ ಯಾಕೆ ಬಂದವು? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಎಷ್ಟೋ ಕಾಲ ಅರಮನೆ, ಕೋರ್ಟು, ದೊಡ್ಡವರ ಊಟದ ಮನೆ ಎಲ್ಲ ಫ್ರೆಂಚ್ ಮಾತಾಡಿದವು. ಅದಕ್ಕೂ ಮೊದಲು ಇಂಗ್ಲಿಷಿಗೆ ತನ್ನದೇ ಪದ ಇತ್ತು, ‘ವುಲ್ಡರ್’ ಅಂತ. ದೇವರನ್ನು ಹಾಡಿ ಹೊಗಳುವಾಗ ಅದನ್ನೇ ಬಳಸುತ್ತಿದ್ದರು. ಗ್ಲೋರಿ ಬಂತು, ವುಲ್ಡರ್ ಅಳಿದುಹೋಯಿತು. ನಮ್ಮಲ್ಲಿ ವೈಭವ, ಭವ್ಯ, ಮಹಿಮೆ ಸಂಸ್ಕೃತದಿಂದ ಬಂದವು. ಪುಣ್ಯಕ್ಕೆ ಹಿರಿಮೆ, ಹೊಳಪು ಉಳಿದುಕೊಂಡಿವೆ. ಈ ಇತಿಹಾಸದಿಂದ ಬರೆಯುವವರಿಗೆ ಒಂದು ಲಾಭ ಇದೆ. ಇಂಗ್ಲಿಷಿನಲ್ಲಿ ‘ಬ್ರೈಟ್’, ‘ಶೈನಿಂಗ್’, ‘ಮೈಟಿ’ ಇವೆಲ್ಲ ಮನೆಯ ಪದಗಳು. ಚಿಕ್ಕವು, ಕಿವಿಗೆ ನೇರ. ಲ್ಯಾಟಿನ್ ಪದ ಆಸ್ಥಾನದ ಉಡುಪು ಹಾಕಿಕೊಂಡು ಬರುತ್ತದೆ. ಒಂದೇ ವಾಕ್ಯದಲ್ಲಿ ಮೂವರು ಆಸ್ಥಾನದವರು ನಿಂತರೆ ಜಾಗ ಸಾಲುವುದಿಲ್ಲ. ಸುತ್ತ ಮನೆಯ ಪದಗಳಿದ್ದು ಮಧ್ಯೆ ಒಬ್ಬರಿದ್ದರೆ ಅವರ ಮೇಲೆ ಕಣ್ಣು ಹೋಗುತ್ತದೆ.

‘ವೆರಿ’ ವಿಷಯ ಹೇಳಿಬಿಡುತ್ತೇನೆ. ಕನ್ನಡದಲ್ಲಿ ತುಂಬಾ ಭವ್ಯವಾಗಿದೆ ಅನ್ನುತ್ತೇವೆ, ಏನೂ ತೊಂದರೆ ಇಲ್ಲ. ಇಂಗ್ಲಿಷಿನಲ್ಲಿ ‘ಮ್ಯಾಗ್ನಿಫಿಸೆಂಟ್’ ಆಗಲೇ ತುದಿ ಮುಟ್ಟಿದ ಪದ. ಅದರ ಮುಂದೆ ‘ವೆರಿ’ ಇಟ್ಟರೆ ಅದು ಇನ್ನೂ ತುದಿ ಮುಟ್ಟಿಲ್ಲ ಎಂದ ಹಾಗಾಗುತ್ತದೆ. ಒತ್ತು ಬೇಕೇ ಬೇಕೆಂದರೆ ‘ಟ್ರೂಲಿ’ ಅಥವಾ ‘ಆ್ಯಬ್ಸಲ್ಯೂಟ್ಲಿ’. ‘ರಿಸ್ಪ್ಲೆಂಡೆಂಟ್’ ಎಂಬ ಪದಕ್ಕೂ ಒಂದು ಅಭ್ಯಾಸ ಇದೆ. ಅದು ಸಾಮಾನ್ಯವಾಗಿ ‘ಇನ್’ ಜೊತೆ ಬಂದು ಉಡುಪನ್ನು ಹಿಡಿಯುತ್ತದೆ: ರಿಸ್ಪ್ಲೆಂಡೆಂಟ್ ಇನ್ ಸಿಲ್ಕ್. ಇನ್ನು ಸ್ಪೆಲಿಂಗ್. ನಾವು ಶಾಲೆಯಲ್ಲಿ ಕಲಿತ ಬ್ರಿಟಿಷ್ ಸ್ಪ್ಲೆಂಡರ್‌ನಲ್ಲಿ ಕೊನೆಗೆ ‘ಯು’ ಇದೆ. 1994ರಲ್ಲಿ ಬಂದ ಹೀರೋ ಹೋಂಡಾ ಸ್ಪ್ಲೆಂಡರ್ ಬೈಕಿನ ಮೇಲೆ ‘ಯು’ ಇಲ್ಲ, ಅದು ನೋವಾ ವೆಬ್‌ಸ್ಟರ್ ತನ್ನ 1828ರ ನಿಘಂಟಿನಲ್ಲಿ ಎತ್ತಿ ಹಿಡಿದ ಅಮೆರಿಕದ ಬಗೆ. ಎರಡೂ ಸರಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು ಅಷ್ಟೇ.

ಇಷ್ಟೆಲ್ಲ ಪದ ಗೊತ್ತಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ವೈಭವ ಪದದಿಂದ ಬರುವುದಕ್ಕಿಂತ ಹೆಚ್ಚಾಗಿ ನೋಡಿದ್ದನ್ನು ಹೇಳುವುದರಿಂದ ಬರುತ್ತದೆ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮೇಷ್ಟ್ರು ಡೊಮಿಂಗೊ ಪಾಯೆಸ್. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ. ಅವನು ಬರೆದದ್ದನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ಅರಮನೆಯೊಳಗಿನ ಒಂದು ಕೋಣೆಯನ್ನು ಪಾಯೆಸ್ ಹೇಗೆ ತೋರಿಸುತ್ತಾನೆ ನೋಡಿ. ಕೋಣೆಯೆಲ್ಲ ದಂತ. ಗೋಡೆ ಮೇಲಿನಿಂದ ಕೆಳಗಿನವರೆಗೆ ದಂತ. ಕಂಬಗಳ ತುದಿಯಲ್ಲಿ ಗುಲಾಬಿ, ತಾವರೆ, ಅವೂ ದಂತದವು. ಇಷ್ಟನ್ನು ಎಣಿಸಿದ ಮೇಲೆ, ಇಂಥದ್ದು ಬೇರೆ ಕಡೆ ಸಿಗುವುದು ಕಷ್ಟ ಎಂದು ಒಂದು ಮಾತು ಸೇರಿಸುತ್ತಾನೆ. ಅಷ್ಟು ಹೊತ್ತಿಗೆ ನಾವು ಒಳಗೆ ನಿಂತಿರುತ್ತೇವೆ, ಅವನ ಮಾತನ್ನು ನಂಬಿರುತ್ತೇವೆ. ಊರಿನ ಗಾತ್ರಕ್ಕೂ ಅವನು ದೊಡ್ಡ ಪದ ಹುಡುಕಲಿಲ್ಲ. ನನಗೆ ರೋಮ್‌ನಷ್ಟು ದೊಡ್ಡದಾಗಿ ಕಂಡಿತು ಎಂದ. ತನ್ನ ಓದುಗರಿಗೆ ರೋಮ್ ಗೊತ್ತು ಎಂಬುದು ಅವನಿಗೆ ಗೊತ್ತಿತ್ತು.

ಇದನ್ನೆಲ್ಲ ಒಂದೇ ಫೋನಿನಲ್ಲಿ ಹೇಳಲಿಲ್ಲ, ಎರಡು ಮೂರು ದಿನ ಹಿಡಿಯಿತು. ಕೊನೆಗೆ ಅಕ್ಕನ ಮಗಳಿಗೆ ಹೇಳಿದೆ, “ನೀನು ಈ ಭಾನುವಾರ ಹೋಗಿ ನಿಂತ್ಕೋ. ದೀಪ ಹತ್ತೋ ಹೊತ್ತಲ್ಲಿ ಅರಮನೆ ನೋಡ್ಬೇಡ, ಜನರನ್ನ ನೋಡು. ಬಂದು ಅದನ್ನ ಬರಿ.”

ಅವಳು ಹೋದಳು. ಮಂಗಳವಾರ ಹೊಸ ಪುಟ ಬಂತು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ಕ್ಕೆ ಮುಗಿದದ್ದು, ಇವೆಲ್ಲ ಕೆಳಗೆ ಇಳಿದಿದ್ದವು. ಆರಂಭದಲ್ಲಿ ಒಬ್ಬ ಕಡಲೆಕಾಯಿ ಮಾರುವವನಿದ್ದ. ವಾರವಾರವೂ ನೋಡಿದವನು, ಆದರೂ ದೀಪ ಹತ್ತಿದ ಕೂಡಲೇ ಪೊಟ್ಟಣ ಕಟ್ಟುತ್ತಿದ್ದ ಅವನ ಕೈ ಒಂದು ಗಳಿಗೆ ನಿಂತಿತು ಅಂತ ಬರೆದಿದ್ದಳು. ಚಿಕ್ಕ ಚಿಕ್ಕ ಪದಗಳು, ಎಲ್ಲ ಮನೆಯವು. ಸ್ಪ್ಲೆಂಡರ್ ಎಂಬುದು ಪುಟದಲ್ಲಿ ಒಂದೇ ಕಡೆ ಇತ್ತು, ಅವನ ಕೈ ನಿಂತ ವಾಕ್ಯದ ನಂತರ. ಗ್ಲೋರಿಯಸ್ ಇರಲಿಲ್ಲ. ವೆರಿ ಕೂಡ ಇರಲಿಲ್ಲ.

ನಾನು ಒಂದು ಅಲ್ಪವಿರಾಮ ಮಾತ್ರ ತಿದ್ದಿ ವಾಪಸು ಕಳಿಸಿದೆ.